ಜನವರಿಯಲ್ಲಿ ಬಂದ ದಸರಾ

ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಶನಿವಾರ ಬೆಳಿಗ್ಗೆ ಸೀತಾಲಕ್ಷ್ಮಿ ಒಂದೊಂದಾಗಿ ಹಿತಕುತ್ತಿದ್ದಳು. ಹೆಬ್ಬೆರಳ ಕೆಳಗಿಂದ ಬೇಳೆ ಜಾರಿ ಬಟ್ಟಲಿಗೆ ಬೀಳುತ್ತಿತ್ತು, ಸಿಪ್ಪೆ ತಟ್ಟೆಗೆ. ಅರ್ಧ ಬಟ್ಟಲೂ ತುಂಬಿರಲಿಲ್ಲ, ಕರೆಗಂಟೆ ಬಿಡದೆ ಹೊಡೆದುಕೊಳ್ಳತೊಡಗಿತು.

ಬಾಗಿಲಲ್ಲಿ ರೇವತಿ ನಿಂತಿದ್ದಳು. ಅವಳ ವೇಲಿನ ತುದಿ ಹಿಡಿದುಕೊಂಡು ಏಳು ವರ್ಷದ ಶಾಂಭವಿ. ಹುಡುಗಿಗೆ ಒಂದು ಜಡೆ ಹೆಣೆದಿತ್ತು, ಇನ್ನೊಂದು ಕಡೆಯ ಕೂದಲು ಹಾಗೇ ಹರಡಿಕೊಂಡಿತ್ತು. ಜಡೆ ಹಾಕುತ್ತಿದ್ದವಳು ಅರ್ಧಕ್ಕೇ ಬಿಟ್ಟು ಓಡಿಬಂದಿದ್ದಾಳೆ ಎಂದು ಯಾರಿಗಾದರೂ ತಿಳಿಯುತ್ತಿತ್ತು.

"ಅಕ್ಕಾರ, ನಾಣಿ ಸಾರ್ ಫೋನ್ ಮಾಡಿದ್ರು. ಹನ್ನೆರಡು ಗಂಟಿ ಒಳಗ ಬಂದು, ವೆಬ್‌ಸೈಟು ಹಾಳು ಮಾಡಿದ್ದು ನಾನಽ ಅಂತ ಒಪ್ಕೊಬೇಕಂತ. ಇಲ್ಲಾಂದ್ರ ಪೊಲೀಸರಿಗೆ ಕೊಡ್ತಾರಂತ್ರಿ."

"ಒಳಗೆ ಬಾ. ಮೊದಲು ಈ ಮಗೂದು ತಲೆ ಮುಗಿಸೋಣ."

"ಅಕ್ಕಾರ, ಜಡಿ ಆಮ್ಯಾಲ..."

"ಅವರು ಹನ್ನೆರಡು ಅಂದ್ರೆ ಹನ್ನೆರಡಕ್ಕೆ ನಾವು ನಡುಗಬೇಕಾ? ಕೂತ್ಕೋ."

ಸೀತಾಲಕ್ಷ್ಮಿ ಕೈ ತೊಳೆದು ಬಾಚಣಿಗೆ ತಂದಳು. ಸರ್ಕಾರಿ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ದುಡಿದು ಸ್ವಯಂ ನಿವೃತ್ತಿ ಪಡೆದಿದ್ದ ಅವಳು, ಈಗ ಜನ ಕಳೆದುಕೊಂಡ ಫೈಲುಗಳನ್ನೂ ಕೆಲವು ಸಲ ಮನುಷ್ಯರನ್ನೂ ಹುಡುಕಿಕೊಡುತ್ತಿದ್ದಳು. ವಿಮಾ ನೌಕರರ ಕಾಲೋನಿಯಲ್ಲಿ ಅವಳನ್ನು ಪತ್ತೇದಾರಿಣಿ ಎಂದು ಗೌರವದಿಂದ ಕರೆಯುವವರು ಕಡಿಮೆ. 'ಆ ಕಂಪ್ಯೂಟರ್ ಆಂಟಿ' ಎನ್ನುವವರೇ ಹೆಚ್ಚು. ಎರಡಕ್ಕೂ ಅವಳು ಓಗೊಡುತ್ತಿದ್ದಳು.

ಬುಧವಾರ ಬೆಳಗಾಗುವಷ್ಟರಲ್ಲಿ, ನಾಣಿಯವರು ನಡೆಸುತ್ತಿದ್ದ 'ದಂಡು ದರ್ಪಣ' ಎಂಬ ಸುದ್ದಿತಾಣದಿಂದ ಮೂರು ತಿಂಗಳ ಸುದ್ದಿ ಮಾಯವಾಗಿತ್ತು, ಅದರ ಆರೋಪ ಅಲ್ಲಿ ವರದಿಗಾರ್ತಿಯಾಗಿದ್ದ ರೇವತಿಯ ತಲೆಗೆ ಬಂದಿತ್ತು.

ಆ ಮೂರು ತಿಂಗಳಲ್ಲಿ ಮುಖ್ಯವಾದದ್ದು ಒಂದೇ ಲೇಖನ, ಅದರ ಜೊತೆಗಿದ್ದ ಒಂದೇ ಫೋಟೋ. ಕೆ.ಆರ್. ಪುರದಲ್ಲಿ ಎದ್ದೇಳುತ್ತಿದ್ದ ದೊಡ್ಡ ಕಟ್ಟಡವೊಂದರ ಪಾಯದ ಗೋಡೆ ಬಿರಿದದ್ದನ್ನು ರೇವತಿ ನವೆಂಬರಿನಲ್ಲಿ ಕಂಡು, ಫೋಟೋ ತೆಗೆದು, ಬರೆದು ಕೊಟ್ಟಿದ್ದಳು. ಲೇಖನ ಪ್ರಕಟವಾಗಲಿಲ್ಲ. ಮುಂದಿನ ವಾರ ಗೋಡೆ ಬಿತ್ತು. ಕೆಳಗೆ ಮಣ್ಣು ಎತ್ತುತ್ತಿದ್ದ ಮುತ್ತಣ್ಣನ ಬೆನ್ನು ಮುರಿಯಿತು. ಮುತ್ತಣ್ಣ ಶಾಂಭವಿಯ ಅಪ್ಪ. ಜೋಗುಪಾಳ್ಯದ ವಠಾರದಲ್ಲಿ ರೇವತಿಯ ಕೋಣೆಗೂ ಅವರ ಕೋಣೆಗೂ ನಡುವೆ ಒಂದೇ ಗೋಡೆ. ಅವನ ಹೆಂಡತಿ ಯಂಕಮ್ಮ ಆಸ್ಪತ್ರೆಯಲ್ಲೇ ಉಳಿದಿದ್ದರಿಂದ ಹುಡುಗಿ ರೇವತಿಯ ಜೊತೆಗಿತ್ತು.

ಗೋಡೆ ಗಟ್ಟಿಯಾಗೇ ಇತ್ತು, ಕುಡಿದಿದ್ದ ಮುತ್ತಣ್ಣ ಅದರ ಬುಡ ಅಗೆದ ಎಂದು ಕಟ್ಟಡದ ಕಂಪನಿ ಹೇಳುತ್ತಿತ್ತು. ಹೊಸ ಗೋಡೆ ಎದ್ದು ಸುಣ್ಣವೂ ಬಳಿದಾಗಿತ್ತು. ಸೋಮವಾರ ವಿಚಾರಣೆ. ಗೋಡೆ ಮೊದಲೇ ಬಿರಿದಿತ್ತು ಎಂದು ತೋರಿಸಲು ಆ ಫೋಟೋ ಬಿಟ್ಟು ಬೇರೇನೂ ಇರಲಿಲ್ಲ. ರೇವತಿ ಅದನ್ನು ತೆಗೆದದ್ದು ಆಫೀಸಿನ ಫೋನಿನಲ್ಲಿ. ಲೇಖನ ಯಾಕೆ ಹಾಕಲಿಲ್ಲ ಎಂದು ಕೇಳಿದ ತಪ್ಪಿಗೆ ಅವಳನ್ನು ಕೆಲಸದಿಂದ ತೆಗೆದ ದಿನ ಆ ಫೋನನ್ನೂ ಕಿತ್ತುಕೊಂಡಿದ್ದರು.

"ಊಟ ಮಾಡಿದ್ಯಾ ಪುಟ್ಟ?" ಸೀತಾಲಕ್ಷ್ಮಿ ಎರಡನೇ ಜಡೆಗೆ ರಿಬ್ಬನ್ ಬಿಗಿಯುತ್ತಾ ಕೇಳಿದಳು.

ಶಾಂಭವಿ ತಲೆಯಾಡಿಸಿತು. ಹೌದೋ ಅಲ್ಲವೋ ತಿಳಿಯಲಿಲ್ಲ.

"ಅಪ್ಪ ಬಿದ್ದಾಗಿಂದ ಹಿಂಗಽ ರೀ. ಮನ್ಯಾಗ ಒಂದೆರಡು ಮಾತಾಡ್ತಾಳ. ಹೊರಗಿನವರ ಮುಂದ ಬಾಯಿ ತೆಗಿಯಂಗಿಲ್ಲ."

ಸೀತಾಲಕ್ಷ್ಮಿ ಒಂದು ಬಟ್ಟಲು ಮೊಸರವಲಕ್ಕಿ ಕಲಸಿ ಹುಡುಗಿಯ ಕೈಗಿಟ್ಟಳು. ಅದು ಖಾಲಿಯಾಗುವವರೆಗೂ ಮನೆಯಿಂದ ಹೊರಡಲಿಲ್ಲ.

*

ಆಟೋ ಹಲಸೂರು ಕೆರೆ ದಾಟುವ ಹೊತ್ತಿಗೆ ಸೀತಾಲಕ್ಷ್ಮಿ ಮೋನಿಷಾಗೆ ಫೋನ್ ಹಚ್ಚಿದಳು. ರೇವತಿಯನ್ನು ತೆಗೆದ ಮೇಲೆ ಅವಳ ಜಾಗಕ್ಕೆ ಡಿಸೆಂಬರಿನಲ್ಲಿ ಸೇರಿದ ಹುಡುಗಿ ಅವಳು. ಹೆದರಿಕೆ ಕಡಿಮೆ, ಮಾತು ಹೆಚ್ಚು.

"ಬುಧವಾರ ಬೆಳಿಗ್ಗೆ ಮೊದಲು ಸೈಟ್ ತೆಗೆದದ್ದು ನೀನೇ ಅಲ್ವಾ? ಏನು ಕಾಣಿಸ್ತು?"

"ಅಯ್ಯೋ ಅಕ್ಕಾ, ಅದನ್ನ ಯಾಕ್ ಕೇಳ್ತೀರಾ! ನನ್ ಲಾಗಿನ್ ಹಾಕಿದ್ರೆ, ಇಂಥವರು ಯಾರೂ ಇಲ್ಲ ಅಂತು. ನಾನು ಇಲ್ವಂತೆ! ಸೈಟ್ ನೋಡ್ಕೊಳ್ಳೋ ಸಮರ್ಥ್‌ಗೆ ಹೇಳಿದ್ರೆ, 'ಹ್ಯಾಕ್ ಆಗಿದೆ, ಬಾಯ್ ಮುಚ್ಕೊಂಡಿರು' ಅಂದ."

"ಮುಖಪುಟ ಹೇಗಿತ್ತು?"

"ಅದೇ ಕಾಮಿಡಿ ಅಕ್ಕಾ. ಮೇಲ್ಗಡೆ ಇಷ್ಟ್ ದೊಡ್ಡದಾಗಿ 'ದಸರಾ ಹಬ್ಬದ ಶುಭಾಶಯಗಳು' ಅಂತ ಬ್ಯಾನರ್. ಆನೆ, ಅಂಬಾರಿ, ಎಲ್ಲಾ. ಜನವರೀಲಿ ದಸರಾ ಏನ್ ಗುರು ಅಂತ ನಾನು ನಕ್ಬಿಟ್ಟೆ. ಸಮರ್ಥ್ ಓಡ್ಬಂದು ತೆಗೆದ."

"ಓಡಿ ಬಂದು?"

"ಟೀ ಗ್ಲಾಸ್ ಕೈಲಿ ಹಿಡ್ಕೊಂಡೇ ಓಡ್ಬಂದ ಅಕ್ಕಾ. ಅರ್ಧ ನನ್ ಡ್ರೆಸ್ ಮೇಲೆ."

ಸೀತಾಲಕ್ಷ್ಮಿ ಫೋನ್ ಇಟ್ಟು ಹೊರಗೆ ನೋಡಿದಳು. ಶಿವಾಜಿನಗರದ ಕಡೆಗೆ ಬಸ್ಸುಗಳು ಒಂದರ ಬಾಲ ಒಂದು ಹಿಡಿದು ನಿಂತಿದ್ದವು. ಅವಳ ತುಟಿ ಒಂದು ಬದಿಗೆ ಸೊಟ್ಟಗಾಯಿತು. ಅವಳನ್ನು ಬಲ್ಲವರಿಗೆ ಆ ಸೊಟ್ಟ ಗೊತ್ತು. ಎದುರಿಗಿರುವವನು ಕೆಟ್ಟವನು ಎಂದಾಗ ಅದು ಬರುವುದಿಲ್ಲ. ಕೆಟ್ಟವನ ಜೊತೆಗೆ ದಡ್ಡನೂ ಹೌದು ಎಂದು ಖಾತ್ರಿಯಾದಾಗ ಮಾತ್ರ ಬರುತ್ತದೆ.

"ರೇವತಿ, ನಿಮ್ಮ ಆಫೀಸಲ್ಲಿ ಬ್ಯಾಕಪ್ ಯಾವಾಗ ತೆಗೀತಿದ್ರು?"

"ಬ್ಯಾಕಪ್ಪೇನ್ರಿ? ವರ್ಷಕ್ಕೊಮ್ಮಿ ಆಯುಧಪೂಜಿ ದಿನ. ಸಮರ್ಥ್ ಅವರು ಸೈಟಿನ ನಕಲು ಒಂದು ಡಿಸ್ಕಿನಾಗ ಹಾಕಿ, ಅದಕ್ಕ ಅರಿಷಿಣ ಕುಂಕುಮ ಹಚ್ಚಿ, ಹೂವ ಏರಿಸಿ ಕಪಾಟಿನ್ಯಾಗ ಇಡ್ತಿದ್ರು. ನಡುನಡುವ ನೆನಪಾದಾಗ ಒಂದೊಂದು."

"ಪೂಜೆ ಮಾಡೋರು, ಬ್ಯಾಕಪ್ ಮಾಡಲ್ಲ," ಎಂದಳು ಸೀತಾಲಕ್ಷ್ಮಿ. ಆಟೋ ಬೆನ್ಸನ್ ಟೌನಿನ ಕಡೆಗೆ ತಿರುಗಿತು.

*

ನಾಣಿಯವರ ಬಂಗಲೆಯ ಮುಂಗೋಣೆಯೇ 'ದಂಡು ದರ್ಪಣ'ದ ಆಫೀಸು. ಎತ್ತರದ ಸೂರು, ಹಳೆಯ ಬೀಟೆಮರದ ಮೇಜು, ಗೋಡೆಯ ತುಂಬ ಸನ್ಮಾನದ ಫೋಟೋಗಳು. ನಾಣಿಯವರು ಪ್ರತಿ ಫೋಟೋದಲ್ಲೂ ಶಾಲು ಹೊದ್ದು, ತಮಗೆ ಇದೆಲ್ಲ ಬೇಡವಾಗಿತ್ತು ಎಂಬ ಮುಖ ಮಾಡಿಕೊಂಡಿದ್ದರು. ಒಂದರಲ್ಲಾದರೂ ಶಾಲು ಬೇಡವೆಂದು ವಾಪಸು ಕೊಟ್ಟದ್ದು ಕಾಣಲಿಲ್ಲ.

ಬಾಗಿಲಲ್ಲಿ ಅವರ ಸೋದರಳಿಯ ಸಮರ್ಥ್ ಅಡ್ಡ ನಿಂತ. ಸೈಟಿನ ತಾಂತ್ರಿಕ ಉಸ್ತುವಾರಿಯೆಲ್ಲ ಅವನದು.

"ಮೇಡಂ ನೀವು ಬನ್ನಿ. ಅವಳು, ಆ ಮಗು ಹೊರಗೆ ಮೆಟ್ಲು ಮೇಲೆ ಕೂತಿರ್ಲಿ. ಕರೆದಾಗ ಬಂದು ಹೇಳಿಕೆ ಕೊಟ್ರೆ ಸಾಕು." ಮೂಗು ಏರಿಸಿದ. "ಏನ್ ಮೇಡಂ, ಅವರೆಕಾಯಿ ಸುಲೀತಿದ್ರಾ? ಕೈಯೆಲ್ಲಾ ವಾಸನೆ."

"ಅದಕ್ಕೆ ಸೊಗಡು ಅಂತಾರೆ. ಅಭ್ಯಾಸ ಇಲ್ದೋರಿಗೆ ವಾಸನೆ." ಸೀತಾಲಕ್ಷ್ಮಿ ಹುಡುಗಿಯ ಕೈ ಹಿಡಿದು ಅವನನ್ನು ದಾಟಿ ಒಳಗೆ ನಡೆದಳು. "ರೇವತಿ, ಬಾ. ಕುರ್ಚಿ ಇವೆ."

ನಾಣಿಯವರು ಎದ್ದು ಕೈ ಮುಗಿದರು. ಮೃದುವಾದ ಧ್ವನಿ, ಬಿಳಿಯ ಜುಬ್ಬ. "ಬನ್ನಿ ಬನ್ನಿ. ನೋಡಿ, ನನಗೆ ಇದೆಲ್ಲ ಹಿಂಸೆ. ರೇವತೀನ ನಾನು ಮಗಳ ಹಾಗೆ ನೋಡ್ಕೊಂಡೆ. ಎಲ್ಲಿಂದಲೋ ಬಂದ ಹುಡುಗಿ, ಒಂದು ಕೆಲಸ ಕೊಟ್ಟೆ. ಕೋಪಕ್ಕೆ ಏನೋ ಮಾಡಿದ್ದಾಳೆ. ಒಪ್ಕೊಂಡ್ರೆ ಮುಗೀತು."

"ನಾ ಏನೂ ಮಾಡಿಲ್ರಿ," ಎಂದಳು ರೇವತಿ.

"ಶುರುವಾಯ್ತು ನೋಡಿ," ಎಂದ ಸಮರ್ಥ್. "ಸ್ಕ್ರೀನ್ ಮೇಲೇ ಇದೆ ಅವಳ ಹೆಸರು. ಆದ್ರೂ ರಿ, ರಿ ಅಂತ ರಾಗ."

"ತೋರ್ಸಿ ಆ ಸ್ಕ್ರೀನು," ಎಂದಳು ಸೀತಾಲಕ್ಷ್ಮಿ.

ಸಮರ್ಥ್ ಲ್ಯಾಪ್‌ಟಾಪ್ ತಿರುಗಿಸಿದ. ಸೈಟಿನ ಒಳಗೆ ಹೋಗಿ ಬರೆಯಲು ಯಾರ್ಯಾರಿಗೆ ಅನುಮತಿ ಇದೆಯೋ ಅವರ ಹೆಸರುಗಳು ಕಾಣುತ್ತಿದ್ದವು. ಅವುಗಳ ನಡುವೆ ರೇವತಿ, ನಗುತ್ತಿರುವ ಒಂದು ಸಣ್ಣ ಫೋಟೋ ಸಮೇತ.

"ಇವಳ ಖಾತೆ ಯಾವಾಗ ತೆಗೆದ್ರಿ?"

"ಮನೆಗೆ ಕಳಿಸಿದ ದಿನಾನೇ. ಬರೀ ಬ್ಲಾಕ್ ಅಲ್ಲ ಮೇಡಂ, ಡಿಲೀಟ್. ನಾನೇ ಕೈಯಾರೆ ಮಾಡಿದ್ದು. ಅಂಥದ್ರಲ್ಲಿ ನಾನು ತುಂಬಾ ಸ್ಟ್ರಿಕ್ಟು."

"ಈಗ ಇದೆಯಲ್ಲ."

"ಅದನ್ನೇ ಹೇಳ್ತಿರೋದು! ಕಳ್ಳತನದಿಂದ ನುಗ್ಗಿ ಹೊಸದಾಗಿ ಮಾಡ್ಕೊಂಡಿದ್ದಾಳೆ."

"ಕಳ್ಳತನಕ್ಕೆ ಬಂದೋಳು ತನ್ನ ಹೆಸರು ಹಾಕಿ, ಫೋಟೋನೂ ಅಂಟಿಸಿ ಹೋದ್ಲಾ?"

"ಕ್ರಿಮಿನಲ್‌ಗಳಿಗೆ ಬುದ್ಧಿ ಎಲ್ಲಿರುತ್ತೆ ಮೇಡಂ."

"ಅದಂತೂ ನಿಜ," ಎಂದಳು ಸೀತಾಲಕ್ಷ್ಮಿ. "ಆ ಖಾತೆ ಮೇಲೆ ಒತ್ತಿ. ಸೇರಿದ ತಾರೀಖು ಓದಿ."

ಸಮರ್ಥ್ ಒತ್ತಿದ. ಓದಲಿಲ್ಲ. ರೇವತಿಯೇ ಬಗ್ಗಿ ನೋಡಿ ಓದಿದಳು. "ಹೋದ ವರ್ಷ ಜೂನ್. ನಾ ಕೆಲಸಕ್ಕ ಸೇರಿದ ದಿನ ರೀ ಇದು."

"ಈ ವಾರ ಹೊಸದಾಗಿ ಮಾಡಿದ್ರೆ ಈ ವಾರದ ತಾರೀಖು ಬರಬೇಕಿತ್ತು. ಇದು ಹೊಸ ಖಾತೆ ಅಲ್ಲ, ನೀವೇ ಕೈಯಾರೆ ತೆಗೆದ ಹಳೇ ಖಾತೆ. ಹೋದೋಳು ವಾಪಸ್ ಬಂದಿದ್ದಾಳೆ. ಮೋನಿಷಾ ಇನ್ನೂ ಕೆಲಸದಲ್ಲಿದ್ದಾಳೆ, ಅವಳ ಖಾತೆ ಮಾತ್ರ ಇಲ್ಲ. ಯಾಕೆ?"

"ಅದನ್ನೂ ಇವಳೇ ಅಳಿಸಿದ್ದು. ಹೊಟ್ಟೆಕಿಚ್ಚು."

"ಆಮೇಲೆ ಆನೆ ಅಂಬಾರಿ ಹಾಕಿ ಊರಿಗೆಲ್ಲ ದಸರಾ ಶುಭಾಶಯ ಹೇಳಿದ್ದೂ ಇವಳೇನಾ? ಬಹಳ ಸಂಪ್ರದಾಯಸ್ಥ ಕಳ್ಳಿ."

ರೇವತಿಗೆ ಆ ಹೊತ್ತಿನಲ್ಲೂ ನಗು ತಡೆಯಲಾಗಲಿಲ್ಲ. ಸಮರ್ಥನ ಕಿವಿ ಕೆಂಪಾಯಿತು.

ಸೀತಾಲಕ್ಷ್ಮಿ ಎದ್ದು ಕಪಾಟಿನ ಬಳಿಗೆ ಹೋದಳು. ಮೂರು ಡಿಸ್ಕುಗಳಿದ್ದವು, ಮೂರಕ್ಕೂ ಕುಂಕುಮ. ಮುಂದಿದ್ದದ್ದರ ಮೇಲೆ ಮಾತ್ರ ಧೂಳಿರಲಿಲ್ಲ. ಒಣಗಿದ ಸೇವಂತಿಗೆಯ ಎಸಳೊಂದು ಅದರ ವೈರಿಗೆ ಅಂಟಿಕೊಂಡಿತ್ತು.

"ಮಂಗಳವಾರ ಮುತ್ತಣ್ಣನ ವಕೀಲರು ನಿಮಗೆ ನೋಟಿಸ್ ಕಳಿಸಿದ್ರು, ನವೆಂಬರಿನ ಲೇಖನ, ಫೋಟೋ ಕೊಡಿ ಅಂತ. ಲೇಖನ ಅಳಿಸಿದ್ರೆ, ಇಂಥವರು ಇಂಥ ದಿನ ಅಳಿಸಿದ್ರು ಅಂತ ಗುರುತು ಉಳಿಯುತ್ತೆ. ಅಷ್ಟು ನಿಮಗೆ ಗೊತ್ತು. ಅದಕ್ಕೆ ಲೇಖನ ಹುಟ್ಟೋಕೂ ಮುಂಚಿನ ಒಂದು ಬ್ಯಾಕಪ್ ಹುಡುಕಿದ್ರಿ. ಸಿಕ್ಕಿದ್ದು ಆಯುಧಪೂಜೆದು. ಅದನ್ನ ತಂದು ಈಗಿನ ಸೈಟಿನ ಮೇಲೆ ಸುರಿದ್ರಿ."

"ಅದು..."

"ಬ್ಯಾಕಪ್ ಅಂದ್ರೆ ನಿಮಗೆ ಬೇಕಾದ್ದು ಮಾತ್ರ ಮರೆಸೋ ಮಂತ್ರ ಅಲ್ಲ ಸಮರ್ಥ್. ಆ ದಿನ ಇದ್ದದ್ದೆಲ್ಲ ಬರುತ್ತೆ. ಆ ದಿನ ಕೆಲಸದಲ್ಲಿದ್ದ ರೇವತಿ ಬಂದ್ಲು. ಆ ದಿನ ಇಲ್ದಿದ್ದ ಮೋನಿಷಾ ಹೋದ್ಲು. ಆ ದಿನದ ಹಬ್ಬಾನೂ ಬಂತು. ನೀವೇ ಬಾಗಿಲು ತೆಗೆದು ಒಳಗೆ ಕರ್ಕೊಂಡ ಹುಡುಗಿ ಮೇಲೆ ನೀವೇ ಕಳ್ಳತನದ ದೂರು ಕೊಡೋಕೆ ಹೊರಟ್ರಿ. ಇಪ್ಪತ್ತು ವರ್ಷ ಸರ್ವರ್‌ಗಳ ಜೊತೆ ಇದ್ದೆ. ತಪ್ಪು ಬೇಕಾದಷ್ಟು ನೋಡಿದ್ದೀನಿ. ಇಷ್ಟು ಅಹಂಕಾರದ ತಪ್ಪು ನೋಡಿರ್ಲಿಲ್ಲ."

"ಸೈಟ್ ಸ್ಲೋ ಆಗಿತ್ತು," ಎಂದ ಸಮರ್ಥ್. ಧ್ವನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ. "ಕ್ಲೀನ್ ಬ್ಯಾಕಪ್ ಹಾಕ್ದೆ, ಅಷ್ಟೆ. ಬೇರೇನಿಲ್ಲ."

ನಾಣಿಯವರು ಕುರ್ಚಿಯಿಂದ ಎದ್ದೇಬಿಟ್ಟರು. ಎದೆಯ ಮೇಲೆ ಕೈ ಇಟ್ಟುಕೊಂಡರು.

"ಸಮರ್ಥಾ! ನನಗೆ ಹೇಳ್ಲೇ ಇಲ್ವಲ್ಲೋ!"

ಸಮರ್ಥ್ ಮಾವನನ್ನು ನೋಡಿದ. ಆ ನೋಟವನ್ನು ಸೀತಾಲಕ್ಷ್ಮಿ ನೋಡಿದಳು. ಅದರಲ್ಲಿದ್ದದ್ದು ಹೆದರಿಕೆಯಲ್ಲ, ಆಶ್ಚರ್ಯ.

"ರೇವತಿ, ತಪ್ಪಾಯ್ತಮ್ಮ," ನಾಣಿಯವರು ಕೈ ಜೋಡಿಸಿದರು. ಸನ್ಮಾನದ ಫೋಟೋಗಳ ಮುಖವೇ ಬಂದು ಕೂತಿತು. "ಹುಡುಗ ಬುದ್ಧಿ. ಪೊಲೀಸು ಗಿಲೀಸು ಏನೂ ಬೇಡ. ಆ ಲೇಖನ ನಾನು ಕಣ್ಣಲ್ಲೂ ನೋಡಿಲ್ಲ, ದೇವರಾಣೆ. ನೋಡಿದ್ರೆ ಸುಮ್ನಿರ್ತಿದ್ನಾ? ನಾನೂ ಮನುಷ್ಯ. ಈಗ ಏನ್ಮಾಡೋದು, ಎಲ್ಲಾ ಹೋಯ್ತಲ್ಲ."

"ಹೋಗಿಲ್ಲ," ಎಂದಳು ಸೀತಾಲಕ್ಷ್ಮಿ.

ಅವಳು ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡಳು.

"ಸೈಟು ಎರಡು ಕಡೆ ಇರುತ್ತೆ. ಬರಹ, ಹೆಸರು, ತಾರೀಖು ಎಲ್ಲಾ ಡೇಟಾಬೇಸಿನಲ್ಲಿ. ಫೋಟೋಗಳು ಬೇರೆ ಫೋಲ್ಡರಿನಲ್ಲಿ. ಎರಡನ್ನೂ ತೆಗೆದಿಟ್ರೆ ಮಾತ್ರ ಪೂರ್ತಿ ಬ್ಯಾಕಪ್. ನಿಮ್ಮ ಅಳಿಯ ಬರೀ ಡೇಟಾಬೇಸ್ ತೆಗೀತಾನೆ. ಅದಕ್ಕೇ ಹಿಂದಕ್ಕೆ ಹೋದದ್ದೂ ಬರೀ ಡೇಟಾಬೇಸು. ಫೋಟೋಗಳನ್ನ ಯಾರೂ ಮುಟ್ಟಿಲ್ಲ."

ನವೆಂಬರಿನ ಫೋಲ್ಡರ್ ತೆರೆಯಿತು. ರಸೆಲ್ ಮಾರುಕಟ್ಟೆಯ ಹೂವಿನ ರಾಶಿ, ಯಾವುದೋ ರಸ್ತೆಯ ಗುಂಡಿ, ಇನ್ಯಾವುದೋ ಉದ್ಘಾಟನೆ. ಆಮೇಲೆ ಒಂದು ಗೋಡೆ. ಮೇಲಿನಿಂದ ಬುಡದವರೆಗೂ ಕೈ ತೂರಿಸಬಹುದಾದಷ್ಟು ಅಗಲದ ಬಿರುಕು. ಅದಕ್ಕೆ ಆನಿಸಿದ ಎರಡು ಬಡಕಲು ಮರದ ಕಂಬ. ಕೆಳಗೆ ಮಣ್ಣಿನ ಬಾಂಡ್ಲಿ ಎತ್ತಲು ಬಗ್ಗಿದ್ದ ನಾಲ್ಕು ಜನ.

ಶಾಂಭವಿ ಕುರ್ಚಿಯಿಂದ ಇಳಿದು ಬಂದಿತು. ಬಾಗಿದ್ದವರಲ್ಲಿ ಒಬ್ಬನ ಬೆನ್ನ ಮೇಲೆ ಬೆರಳಿಟ್ಟಿತು. ಪರದೆಯ ಮೇಲೆ ಬೆರಳಿನ ಗುರುತು ಮೂಡಿತು. ಅದನ್ನು ಫ್ರಾಕಿನ ಅಂಚಿನಿಂದ ಒರೆಸಿ, ಮತ್ತೆ ಅಲ್ಲೇ ಬೆರಳಿಟ್ಟಿತು.

ಸೀತಾಲಕ್ಷ್ಮಿ ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

"ಒಳ್ಳೇದಾಯ್ತು, ಬಹಳ ಒಳ್ಳೇದಾಯ್ತು," ಎಂದರು ನಾಣಿಯವರು. ಗಂಟಲು ಸರಿಮಾಡಿಕೊಂಡರು. "ಆದ್ರೆ ಒಂದು ಮಾತು. ಬರೀ ಫೋಟೋ. ಲೇಖನ ಇಲ್ಲ. ಇದು ಗೋಡೆ ಬೀಳೋಕೆ ಮುಂಚಿಂದೇ ಅಂತ ಯಾರು ನಂಬ್ತಾರೆ? ಆ ಕಡೆ ವಕೀಲರು ಸುಮ್ನೆ ಬಿಡ್ತಾರಾ? ಪಾಪದ ಜನಕ್ಕೆ ಸುಳ್ಳು ಆಸೆ ಹುಟ್ಟಿಸಬಾರದು ನೋಡಿ."

"ಸರಿಯಾದ ಮಾತು. ಅದಕ್ಕೇ ಲೇಖನಾನೂ ತರೋಣ. ಸರ್ವರ್ ಕಂಪನಿ ಖಾತೆ ನಿಮ್ಮ ಹೆಸರಲ್ಲಿದೆ ಅಲ್ವಾ? ಅದರ ಪಾಸ್‌ವರ್ಡ್ ಕೊಡಿ."

"ಅದ್ಯಾಕೆ?"

"ನಿಮ್ಮ ಅಳಿಯ ಪೂಜೆ ಮಾಡಿದ್ರೂ ಬಿಟ್ರೂ, ಆ ಕಂಪನಿಯವರು ಪ್ರತಿ ಭಾನುವಾರ ಇಡೀ ಸರ್ವರಿನ ನಕಲು ತಾವೇ ತೆಗೆದಿಡ್ತಾರೆ. ಹೋದ ಭಾನುವಾರದ್ದು ಅಲ್ಲಿದೆ. ಅದರಲ್ಲಿ ಎರಡೂ ಇರುತ್ತೆ, ಡೇಟಾಬೇಸು, ಫೋಟೋ. ನಿಮ್ಮದು ಅಗ್ಗದ ಪ್ಲಾನು, ಒಂದೇ ನಕಲು ಇಡ್ತಾರೆ. ನಾಳೆ ಹೊಸದು ಬಂದ್ರೆ ಹಳೇದು ಹೋಗುತ್ತೆ."

"ಮಾಮ, ಬೇಡ," ಎಂದ ಸಮರ್ಥ್.

"ಯಾಕೋ ಬೇಡ?"

"ಬೇಡ ಅಂದ್ರೆ ಬೇಡ. ಸೋಮವಾರ ನೋಡೋಣ. ನಾನೇ ತೆಗೆದು ಕೊಡ್ತೀನಿ."

"ನೋಡಿದ್ರಾ," ಎಂದಳು ಸೀತಾಲಕ್ಷ್ಮಿ. "ಒಂದೇ ದಿನ ಕಾಯಿಸಿದ್ರೆ ಸಾಕಿತ್ತು ಇವರಿಗೆ. ಹನ್ನೆರಡು ಗಂಟೆ ಗಡುವು, ಪೊಲೀಸು ಅನ್ನೋ ಬೆದರಿಕೆ, ಎಲ್ಲಾ ಅದಕ್ಕೇ. ಇವಳು ಅಳ್ತಾ ಕೂತಿರ್ಲಿ, ಭಾನುವಾರ ಕಳೀಲಿ ಅಂತ."

ನಾಣಿಯವರಿಗೆ ದಾರಿ ಕಂಡಿತು. ತಪ್ಪೆಲ್ಲ ಅಳಿಯನದೇ ಎಂದು ಈ ಹೆಂಗಸು ನಂಬಿದ್ದಾಳೆ. ಈಗ ಉದಾರವಾಗಿ ನಡೆದುಕೊಂಡರೆ ತಮ್ಮ ಜುಬ್ಬದ ಮೇಲೆ ಒಂದು ಹನಿಯೂ ಸಿಡಿಯುವುದಿಲ್ಲ. ಅವರ ಎದೆ ಉಬ್ಬಿತು.

"ಕೊಡೋ ಪಾಸ್‌ವರ್ಡು! ನಮಗೇನು ಭಯ? ಸತ್ಯ ಹೊರಗೆ ಬರ್ಲಿ. ಈ ಸೈಟನ್ನ ನಾನು ಸತ್ಯಕ್ಕೇ ಅಂತ ನಡೆಸ್ತಿರೋದು."

"ಮಾಮ, ನಿಮಗೆ ಗೊತ್ತಾಗ್ತಿಲ್ಲ..."

"ನಿನ್ನಿಂದ ನಾನು ಕಲೀಬೇಕಾ? ಕೊಡು ಅಂದೆ."

ಸಮರ್ಥ್ ಕೊಟ್ಟ.

ಸೀತಾಲಕ್ಷ್ಮಿ ಆ ನಕಲನ್ನು ಇರುವ ಸೈಟಿನ ಮೇಲೆ ಹಾಕಲಿಲ್ಲ. ಪಕ್ಕದಲ್ಲಿ ಬೇರೆ ಜಾಗ ಮಾಡಿ ಅಲ್ಲಿ ಬಿಚ್ಚತೊಡಗಿದಳು. ಒಂದರ ಮೇಲೊಂದು ಸುರಿಯುವುದು ಸಮರ್ಥನಂಥವರ ಕೆಲಸ. ಬಿಚ್ಚಿಕೊಳ್ಳುವವರೆಗೆ ಕಾಯಬೇಕಿತ್ತು. ನಾಣಿಯವರು ತಾವೇ ಒಳಗೆ ಹೋಗಿ ಕಾಫಿ ತಂದರು. ಸೀತಾಲಕ್ಷ್ಮಿಗೆ ಪಿಂಗಾಣಿ ಕಪ್ಪು, ತಮಗೂ ಅಂಥದ್ದೇ. ರೇವತಿಗೆ ಕಾಗದದ ಲೋಟ. ಬೇಸಿನ್ನಿನ ಪಕ್ಕ ತೊಳೆದಿಟ್ಟ ಕಪ್ಪುಗಳು ಸಾಲಾಗಿ ಕಾಣುತ್ತಿದ್ದವು.

ಸೀತಾಲಕ್ಷ್ಮಿ ತನ್ನ ಕಪ್ಪನ್ನು ರೇವತಿಯ ಮುಂದೆ ಸರಿಸಿ, ಕಾಗದದ ಲೋಟ ಎತ್ತಿಕೊಂಡಳು. ನಾಣಿಯವರು ಕಿಟಕಿಯ ಕಡೆ ತಿರುಗಿ, ಈ ಸಲ ಚಳಿ ಕಡಿಮೆ ಎಂದರು.

ಹೋದ ಭಾನುವಾರದ 'ದಂಡು ದರ್ಪಣ' ಪರದೆಯ ಮೇಲೆ ಎದ್ದು ಕೂತಿತು. ಮೋನಿಷಾ ಇದ್ದಳು. ರೇವತಿಯ ಖಾತೆ ಇರಲಿಲ್ಲ, ಅವಳ ಬರಹಗಳು ಉಳಿದಿದ್ದವು. ಪ್ರಕಟವಾಗದೆ ಉಳಿದವುಗಳ ನಡುವೆ ಅದೂ ಇತ್ತು: 'ಕೆ.ಆರ್. ಪುರ: ಬಿರಿದ ಗೋಡೆಯ ಅಡಿಯಲ್ಲೇ ಕೆಲಸ.' ಮೊದಲ ಸಲ ಉಳಿಸಿದ ತಾರೀಖು, ಗೋಡೆ ಬೀಳುವ ಹಿಂದಿನ ವಾರದ್ದು.

ರೇವತಿ ಬಾಯಿಗೆ ವೇಲು ಒತ್ತಿಕೊಂಡು ಅತ್ತಳು. "ಸಾಕ್ರಿ ಅಕ್ಕಾರ. ಇಷ್ಟಽ ಸಾಕು. ಮುತ್ತಣ್ಣ ಕುಡುದು ಕೆಡವಿಲ್ಲಂತ ಯಂಕಮ್ಮಕ್ಕಗ ಹೇಳ್ಬೌದು."

"ನೋಡಿ, ನಾನೇ ಕೊಡ್ಸಿದೆ," ಎಂದರು ನಾಣಿಯವರು. "ಇದನ್ನ ವಕೀಲರಿಗೆ ನಾನೇ ಕಳಿಸ್ತೀನಿ. ನಾಳೆ ಸೈಟಲ್ಲೂ ಹಾಕ್ತೀವಿ. ರೇವತಿ, ನಿನ್ನ ಹೆಸರಲ್ಲೇ."

"ಒಂದು ನಿಮಿಷ," ಎಂದಳು ಸೀತಾಲಕ್ಷ್ಮಿ.

ಸಮರ್ಥ್ ಕಣ್ಣು ಮುಚ್ಚಿಕೊಂಡ.

"ಈ ಸಾಫ್ಟ್‌ವೇರಿನಲ್ಲಿ ಒಂದು ಅಭ್ಯಾಸ ಇದೆ ನಾಣಿಯವರೇ. ಒಂದು ಬರಹವನ್ನ ಯಾರು ಯಾರು ತಿದ್ದಿದ್ರೋ, ಯಾವ ದಿನ ತಿದ್ದಿದ್ರೋ, ಎಲ್ಲಾ ಬರೆದಿಟ್ಕೊಳ್ಳುತ್ತೆ. ತಿದ್ದೋದಕ್ಕೆ ಮುಂಚೆ ಹೇಗಿತ್ತು, ಆಮೇಲೆ ಹೇಗಾಯ್ತು ಅಂತ ಪಕ್ಕಪಕ್ಕ ತೋರಿಸುತ್ತೆ. ಬರೀ ಸನ್ಮಾನಕ್ಕೆ ಹೋಗೋ ಸಂಪಾದಕರಿಗೆ ಅದು ಗೊತ್ತಿರಬೇಕು ಅಂತೇನಿಲ್ಲ."

ಅವಳು ಒಂದು ಗುಂಡಿ ಒತ್ತಿದಳು. ಪರದೆ ಎರಡು ಭಾಗವಾಯಿತು. ಎಡಗಡೆ ರೇವತಿ ಬರೆದದ್ದು. ಬಲಗಡೆ ತಿದ್ದಿದ್ದು, ಅದರ ಮೇಲೆ ತಿದ್ದಿದವರ ಹೆಸರು: ನಾಣಿ. ದಿನ ಸೋಮವಾರ. ಗೋಡೆ ಬಿದ್ದದ್ದು ಅದೇ ವಾರದ ಗುರುವಾರ.

ನಾಣಿಯವರು ಒಳ್ಳೆಯ ಸಂಪಾದಕರೇ. 'ಕೂಲಿಗಳು' ಎಂದಿದ್ದಲ್ಲಿ 'ಕಾರ್ಮಿಕರು' ಎಂದು ಮಾಡಿದ್ದರು. ಉದ್ದದ ಒಂದು ವಾಕ್ಯವನ್ನು ಕತ್ತರಿಸಿ ಎರಡು ಮಾಡಿದ್ದರು. 'ಗೋಡೆ ಯಾವ ಕ್ಷಣದಲ್ಲಾದರೂ ಬೀಳಬಹುದು' ಎಂಬ ಸಾಲನ್ನು ಹಾಗೇ ಬಿಟ್ಟಿದ್ದರು, ಅದರ ಭಾಷೆಯಲ್ಲಿ ದೋಷವಿರಲಿಲ್ಲ. ಕೊನೆಯಲ್ಲಿ ಸಮರ್ಥನಿಗೆ ಒಂದು ಟಿಪ್ಪಣಿ ಬರೆದಿದ್ದರು: 'ಚೆನ್ನಾಗಿದೆ. ಸದ್ಯಕ್ಕೆ ಹಾಕುವುದು ಬೇಡ. ಆ ಕಟ್ಟಡದವರ ಜಾಹೀರಾತು ಈ ತಿಂಗಳು ಮುಗಿಯಲಿ.'

ಸೀತಾಲಕ್ಷ್ಮಿ ಅದನ್ನು ಗಟ್ಟಿಯಾಗಿ ಓದಿದಳು. ಒಂದು ಅಕ್ಷರವನ್ನೂ ಒತ್ತಿ ಹೇಳಲಿಲ್ಲ.

"ನಾನು ಹೇಳ್ದೆ ಮಾಮ, ಬೇಡ ಅಂತ," ಎಂದ ಸಮರ್ಥ್.

"ಇದು... ಇದು ಎಷ್ಟೋ ಬರಹ ನೋಡ್ತೀನಿ ನಾನು. ದಿನಕ್ಕೆ ಎಷ್ಟೋ. ಎಲ್ಲಾ ನೆನಪಿರುತ್ತಾ? ಸುಮ್ನೆ ಕಣ್ಣಾಡಿಸಿ..." ನಾಣಿಯವರ ಕೈ ಕಪ್ಪನ್ನು ಹುಡುಕಿತು. ಸಿಕ್ಕ ಕಪ್ಪು ಖಾಲಿಯಾಗಿತ್ತು, ಆದರೂ ಬಾಯಿಗೆ ಹಿಡಿದರು. "ಜಾಹೀರಾತು ಇಲ್ದೆ ಸೈಟ್ ನಡೆಯುತ್ತಾ? ನೀವೇ ಹೇಳಿ. ನಾಲ್ಕು ಜನದ ಸಂಬಳ ಕೊಡ್ಬೇಕು ನಾನು. ಬೀಳುತ್ತೆ ಅಂತ ಯಾರು ಅಂದ್ಕೊಂಡಿದ್ರು? ಇಂಥ ಗೋಡೆ ಊರ ತುಂಬಾ ಇದೆ."

ರೇವತಿ ಅಳು ನಿಲ್ಲಿಸಿದ್ದಳು. ಅವರನ್ನೇ ನೋಡುತ್ತಿದ್ದಳು, ಯಾವತ್ತೂ ಕಾಣದ ಮನುಷ್ಯನನ್ನು ನೋಡುವ ಹಾಗೆ.

ಸೀತಾಲಕ್ಷ್ಮಿ ಬಾಯಿ ತೆರೆದಳು. ಅವಳ ಹತ್ತಿರ ಮಾತುಗಳಿದ್ದವು, ಚೆನ್ನಾಗಿ ಸಾಣೆ ಹಿಡಿದವು. ಅಷ್ಟರಲ್ಲಿ ತೊಡೆಯ ಮೇಲಿದ್ದ ಭಾರ ಕೆಳಗಿಳಿಯಿತು.

ಶಾಂಭವಿ ಮೇಜನ್ನು ಸುತ್ತಿಕೊಂಡು ಹೋಗಿ ನಾಣಿಯವರ ಮುಂದೆ ನಿಂತಿತು. ಅವರ ಮುಖ ಸರಿಯಾಗಿ ಕಾಣಲು ತಲೆ ಎತ್ತಬೇಕಾಯಿತು. ಬೆಳಗಿನಿಂದ ಒಂದು ಮಾತೂ ಆಡದ ಹುಡುಗಿ.

"ತಾತಾ," ಎಂದಿತು. "ಗ್ವಾಡಿ ಬೀಳ್ತದಂತ, ನಮ್ಮಪ್ಪ ಅವತ್ತು ಅಲ್ಲಿ ಕೆಲಸಕ್ಕ ಹೋಗದಕಿಂತ ಮೊದ್ಲಽ ನಿಮಗ ಗೊತ್ತಿತ್ತೇನ್ರಿ?"